ಒಮ್ಮೆ ಹೇಳಿದ ಜನ ಮತ್ತೊಮ್ಮೆ ಹೇಳಬಹುದೇ?

2016ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸಂಸತ್ತಿಗೆ ಒಂದು ಮನವಿ ಸಲ್ಲಿಕೆಯಾಯಿತು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ ಎಂಬ ಜನಮತಗಣನೆಗೆ ಆಗಿನ್ನೂ ಸುಮಾರು ಒಂದು ತಿಂಗಳಿತ್ತು. ಗೆದ್ದವರಿಗೆ ಶೇ 60ಕ್ಕಿಂತ ಕಡಿಮೆ ಮತ ಬಿದ್ದು, ಮತದಾನವೂ ಶೇ 75 ಮುಟ್ಟದಿದ್ದರೆ ಇನ್ನೊಮ್ಮೆ ಜನರನ್ನು ಕೇಳಬೇಕು ಎಂಬುದು ಅದರ ಬೇಡಿಕೆ. ಬರೆದವರು ಹೊರಬರಬೇಕು ಎನ್ನುವ ಬಣದವರು. ತಮ್ಮ ಬಣ ಸೋಲುತ್ತದೆ ಎಂಬ ಅಂದಾಜಿನಲ್ಲಿದ್ದವರು. ಜೂನ್ 23ರಂದು ಆದದ್ದೇ ಬೇರೆ. ಹೊರಬರೋಣ ಎಂದವರು ಶೇ 51.9, ಉಳಿಯೋಣ ಎಂದವರು ಶೇ 48.1, ಮತದಾನ ಶೇ 72.2. ಆಗ ಅದೇ ಮನವಿಗೆ ಸೋತ ಬಣದವರು ಮುಗಿಬಿದ್ದು 40 ಲಕ್ಷಕ್ಕೂ ಹೆಚ್ಚು ಸಹಿ ಹಾಕಿದರು. ಬರೆದವರು ಮಾತ್ರ, ತಮ್ಮ ಮನವಿ ಅಪಹರಣವಾಯಿತೆಂದು ದೂರಿದರು.

ಹೊರಬರುವ ಬಣದ ಮುಂದಾಳು ನೈಜೆಲ್ ಫರಾಜ್ ಕೂಡ ಮತದಾನಕ್ಕೆ ಮೊದಲು, ಉಳಿಯುವವರು 52–48ರಲ್ಲಿ ಗೆದ್ದರೆ ವಿಷಯ ಅಲ್ಲಿಗೆ ಮುಗಿಯದು ಎಂದಿದ್ದರು. ಅದೇ ಅಂತರ ತಮ್ಮ ಕಡೆ ವಾಲಿದಾಗ ಅದು ಸ್ವಾತಂತ್ರ್ಯ ದಿನವಾಯಿತು.

ರಾಜಕಾರಣಿಗಳ ಇಂಥ ಎರಡು ನಾಲಿಗೆ ನಮಗೇನೂ ಹೊಸದಲ್ಲ, ನಕ್ಕು ಬಿಡಬಹುದು. ಆದರೆ ಇದರ ಹಿಂದೆ ಒಂದು ಗಟ್ಟಿ ಪ್ರಶ್ನೆಯಿದೆ. ಇಡೀ ಜನತೆ ಒಂದು ದಿನ ಆಡಿದ ಮಾತು ಮರುದಿನದ ಜನತೆಯನ್ನು ಎಷ್ಟರ ಮಟ್ಟಿಗೆ ಕಟ್ಟಿಹಾಕಬಲ್ಲದು?

ತತ್ತ್ವಜ್ಞಾನಿಗಳಲ್ಲಿ ಹಲವರು 'ಕಟ್ಟಿಹಾಕದು' ಎನ್ನುತ್ತಾರೆ. ತನಗೆ ತಾನೇ ಕೊಟ್ಟುಕೊಂಡ ಮಾತಿನಿಂದ ಯಾರೂ ಬಂಧಿತರಾಗರು, ಕಟ್ಟಿದವನೇ ಬಿಚ್ಚಿಕೊಳ್ಳಬಲ್ಲ ಎಂಬುದು 1651ರ 'ಲೆವಯಥಾನ್'ನಲ್ಲಿ ಥಾಮಸ್ ಹಾಬ್ಸ್ ಹೂಡಿದ ವಾದ. ನಾಳೆಯ ಇಚ್ಛೆಗೆ ಇಂದೇ ಬೇಡಿ ತೊಡಿಸುವುದು ಅಸಂಬದ್ಧ ಎಂದ ರೂಸೋ. 1789ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ರಾಜನೀತಿಜ್ಞ ಜೆಫರ್ಸನ್, ಮ್ಯಾಡಿಸನ್‌ಗೆ ಬರೆದ ಪತ್ರದಲ್ಲಿ ಇನ್ನೂ ಮುಂದೆ ಹೋದ: ಭೂಮಿ ಬದುಕಿರುವವರದು, ಯಾವ ಕಾನೂನಿಗೂ 19 ವರ್ಷಕ್ಕಿಂತ ಹೆಚ್ಚು ಆಯಸ್ಸು ಇರಕೂಡದು. ಮ್ಯಾಡಿಸನ್ ಒಪ್ಪಲಿಲ್ಲ, ಸತ್ತವರು ಮಾಡಿಟ್ಟ ಒಳಿತನ್ನು ಉಣ್ಣುವವರಿಗೆ ಅವರ ಋಣವೂ ಇರುತ್ತದೆ ಎಂದ.

ಈ ಜಗಳ ನಮಗೆ ರಾಮಾಯಣದ ಚಿತ್ರಕೂಟದಿಂದಲೇ ಪರಿಚಿತ. ದಶರಥ ತೀರಿಹೋಗಿದ್ದಾನೆ, ವರದ ಫಲ ಉಣ್ಣಬೇಕಾದ ಭರತನೇ ಬಂದು ಬೇಡವೆನ್ನುತ್ತಿದ್ದಾನೆ, ಅಯೋಧ್ಯೆಯ ಜನ ಹಿಂದೆ ನಿಂತಿದ್ದಾರೆ. ಸತ್ತವರ ಮಾತಿಗೆ ಬದುಕಿರುವವರು ಏಕೆ ಕಟ್ಟುಬೀಳಬೇಕು ಎಂದು ಜಾಬಾಲಿ ಎಂಬ ಬ್ರಾಹ್ಮಣ ಕೇಳುತ್ತಾನೆ. ರಾಮ ಸಿಟ್ಟಾಗುತ್ತಾನೆಯೇ ಹೊರತು ಹಿಂದಿರುಗುವುದಿಲ್ಲ. ಜಾಬಾಲಿಯನ್ನು ನಾಸ್ತಿಕನೆಂದು ತಳ್ಳಿಹಾಕಿದ ಪರಂಪರೆ ಅವನ ಪ್ರಶ್ನೆಯನ್ನು ಕಾವ್ಯದಿಂದ ಅಳಿಸಿಹಾಕಲಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ.

ಹಾಗಾದರೆ ಬ್ರಿಟನ್ನಿನಲ್ಲಿ ಯಾರು ಯಾರಿಗೆ ಮಾತು ಕೊಟ್ಟಿದ್ದರು? ಒಂದು ಮಾತು ಸರ್ಕಾರದ್ದು. 2016ರ ಏಪ್ರಿಲ್‌ನಲ್ಲಿ 93 ಲಕ್ಷ ಪೌಂಡ್ ಖರ್ಚು ಮಾಡಿ ಅದು ಮನೆಮನೆಗೂ ಕರಪತ್ರ ಹಂಚಿಸಿತ್ತು: ತೀರ್ಮಾನ ನಿಮ್ಮದು, ನೀವು ಹೇಳಿದ್ದನ್ನು ನಾವು ಜಾರಿ ಮಾಡುತ್ತೇವೆ ಎಂಬುದು ಅದರ ಸಾರ. ವಿಚಿತ್ರವೆಂದರೆ ಜನಮತಗಣನೆಗೆಂದು ರೂಪಿಸಿದ 2015ರ ಕಾಯ್ದೆಯಲ್ಲಿ ಅಂಥ ಮಾತೇ ಇರಲಿಲ್ಲ. ಫಲಿತಾಂಶ ಬಂದ ಮೇಲೆ ಏನಾಗಬೇಕು ಎಂಬ ಬಗ್ಗೆ ಕಾಯ್ದೆ ಮೌನ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 8–3ರ ಬಹುಮತದಲ್ಲಿ, ಸಂಸತ್ತಿನ ಒಪ್ಪಿಗೆಯಿಲ್ಲದೆ ಹೊರಬರುವ ಪ್ರಕ್ರಿಯೆ ಶುರುಮಾಡುವಂತಿಲ್ಲ ಎಂದಿತು. ಕರಪತ್ರ ಒಂದು ಹೇಳಿದರೆ ಕಾನೂನು ಇನ್ನೊಂದು ಹೇಳುತ್ತಿತ್ತು.

ಇನ್ನೊಂದು ಮಾತು ಯಾವ ಕಾಗದದ ಮೇಲೂ ಇಲ್ಲ, ಭಾರವೆಲ್ಲ ಅದರದೇ. ಮತ ಹಾಕಲು ಸಾಲಿನಲ್ಲಿ ನಿಂತವರು 'ಸೋತರೆ ಒಪ್ಪಿಕೊಳ್ಳುತ್ತೇನೆ' ಎಂದು ಪಕ್ಕದಲ್ಲಿ ನಿಂತವರಿಗೆ ಬಾಯಿಬಿಡದೆ ಕೊಡುವ ಮಾತದು. ಹಾಬ್ಸ್‌ನ ವಾದ ಎಡವುವುದೂ ಇಲ್ಲೇ. ಜನತೆ ಎಂಬುದು ಒಬ್ಬ ವ್ಯಕ್ತಿಯಲ್ಲ, ಎರಡು ಪಾಳಯ. ಸೋತವರು ಮಾತು ಕೊಟ್ಟದ್ದು ತಮಗಲ್ಲ, ಗೆದ್ದವರಿಗೆ. ಹಾಗಾಗಿ 'ಮತ್ತೊಮ್ಮೆ ಕೇಳೋಣ' ಎಂಬ ಕೂಗು ಸೋತವರ ಬಾಯಿಂದ ಮಾತ್ರ ಬಂದಾಗ ಎಷ್ಟೇ ತರ್ಕಬದ್ಧವಾಗಿದ್ದರೂ ಮೋಸದಂತೆ ಕೇಳಿಸುತ್ತದೆ. 2018ರ ಡಿಸೆಂಬರ್‌ನಲ್ಲಿ ಪ್ರಧಾನಿ ತೆರೇಸಾ ಮೇ, ಇನ್ನೊಂದು ಜನಮತಗಣನೆಯೆಂದರೆ ಜನರಿಗೆ ಬಗೆಯುವ ದ್ರೋಹ ಎಂದದ್ದು ಇಷ್ಟೊಂದು ಜನರಿಗೆ ನಾಟಿದ್ದು ಅದಕ್ಕೇ.

ಎದುರು ಪಾಳಯದ ವಾದಗಳೆಲ್ಲ ಒಂದೇ ತೂಕದವಲ್ಲ. ತೀರಾ ಕಳಪೆ ಎಂದರೆ ಸಾವಿನ ಲೆಕ್ಕ: ಹೊರಬರೋಣ ಎಂದಿದ್ದ ವೃದ್ಧರು ಕಣ್ಮುಚ್ಚುತ್ತಿದ್ದಾರೆ, ಉಳಿಯೋಣ ಎನ್ನುವ ಹುಡುಗರು ಪ್ರಾಯಕ್ಕೆ ಬರುತ್ತಿದ್ದಾರೆ, ಆದ್ದರಿಂದ ಬಹುಮತ ತಿರುಗಿದೆ ಎಂಬುದು. ಬಹುಮತವನ್ನು ಸ್ಮಶಾನದ ಬಾಗಿಲಲ್ಲಿ ನಿಂತು ಎಣಿಸಹೊರಟರೆ ಯಾವ ಚುನಾವಣೆಯೂ ಒಂದು ವರ್ಷ ಬಾಳುವುದಿಲ್ಲ. ಗಟ್ಟಿ ವಾದ ಬೇರೆ ಇತ್ತು. 2016ರ ಮತಪತ್ರದಲ್ಲಿದ್ದದ್ದು ಎರಡೇ ಆಯ್ಕೆ. ಹೊರಬಂದು ಎಲ್ಲಿಗೆ ಹೋಗಬೇಕು, ನಾರ್ವೆಯ ಹಾಗೆ ಹತ್ತಿರ ಇರಬೇಕೇ, ಪೂರ್ತಿ ಕಳಚಿಕೊಳ್ಳಬೇಕೇ ಎಂಬುದು ಅಲ್ಲಿರಲಿಲ್ಲ. ಮೇ ತಂದ ಒಪ್ಪಂದ 2019ರ ಜನವರಿ 15ರಂದು 432–202ರಲ್ಲಿ ಬಿದ್ದುಹೋಯಿತು. ಬೀಳಿಸಿದವರಲ್ಲಿ ಹೊರಬರಲು ಹಟ ಹಿಡಿದ ಅವರ ಪಕ್ಷದವರೂ ಬಹಳ ಮಂದಿ ಇದ್ದರು. ಅಂದಮೇಲೆ ಈಗ ಕೈಯಲ್ಲಿರುವ ಒಪ್ಪಂದ ಒಪ್ಪಿಗೆಯೇ ಎಂದು ಕೇಳುವುದು ಹಳೆಯ ಪ್ರಶ್ನೆಯನ್ನು ಕೆದಕಿದಂತಲ್ಲ, ಅರ್ಧಕ್ಕೆ ನಿಂತದ್ದನ್ನು ಮುಗಿಸಿದಂತೆ. ಏಪ್ರಿಲ್ 1ರಂದು, ಒಪ್ಪಂದವನ್ನು ಜನರ ಮುಂದಿಡಬೇಕೆಂಬ ಸೂಚನೆ ಕಾಮನ್ಸ್ ಸಭೆಯಲ್ಲಿ ಮತಕ್ಕೆ ಬಂದಾಗ ಪರ 280, ವಿರೋಧ 292. ಹನ್ನೆರಡು ಮತಗಳ ಅಂತರ. ಆ ಡಿಸೆಂಬರ್ ಚುನಾವಣೆಯಲ್ಲಿ ಬೋರಿಸ್ ಜಾನ್ಸನ್ ಗೆದ್ದರು, 2020ರ ಜನವರಿ 31ರಂದು ಬ್ರಿಟನ್ ಹೊರಬಂತು.

ಮತ್ತೆ ಕೇಳುವುದೇ ಪ್ರಜಾಪ್ರಭುತ್ವಕ್ಕೆ ಬಗೆದ ಅಪಚಾರ ಎನ್ನುವವರು ಸ್ವಿಟ್ಜರ್ಲೆಂಡನ್ನು ನೋಡಬೇಕು. ಹೆಂಗಸರಿಗೆ ಮತದ ಹಕ್ಕು ಬೇಡ ಎಂದು 1959ರಲ್ಲಿ ಅಲ್ಲಿನ ಗಂಡಸರು ಶೇ 67ರ ಬಹುಮತದಲ್ಲಿ ಹೇಳಿದ್ದರು. 1971ರಲ್ಲಿ ಮತ್ತೆ ಕೇಳಿದಾಗ ಹೆಚ್ಚುಕಡಿಮೆ ಅಷ್ಟೇ ಬಹುಮತದಲ್ಲಿ ಒಪ್ಪಿದರು. ಮೊದಲ ತೀರ್ಪೇ ಕೊನೆಯದಾಗಿದ್ದರೆ, ಕೇಳಿಸಿಕೊಳ್ಳದೇ ಹೋದ ಅರ್ಧ ಜನತೆ ಶಾಶ್ವತವಾಗಿ ಹೊರಗೇ ಉಳಿಯುತ್ತಿತ್ತು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಒಂದು ಜನಮತಗಣನೆಯನ್ನೇ ರದ್ದು ಮಾಡಿತು. ದಂಪತಿಗಳ ತೆರಿಗೆ ಕುರಿತ ಆ ಮತದಾನದಲ್ಲಿ, ಹೆಚ್ಚು ತೆರಿಗೆ ತೆರುವ ದುಡಿಯುವ ದಂಪತಿಗಳು 80,000 ಎಂದು ಸರ್ಕಾರ ಹೇಳಿತ್ತು. ನಿಜಕ್ಕೂ ಇದ್ದವರು 4,54,000. ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ ಎಂದು ಕೆಂಪು ಬಸ್ಸಿನ ಮೇಲೆ ಬರೆಸಿಕೊಂಡು ಊರೂರು ತಿರುಗಿದ ಬ್ರಿಟನ್ನಿನ ಪ್ರಚಾರಕ್ಕೆ ಅಂಥ ಗತಿ ಬರಲಿಲ್ಲ.

ಐರ್ಲೆಂಡಿನ ಕಥೆ ಎರಡು ಮುಖದ್ದು. ಐರೋಪ್ಯ ಒಕ್ಕೂಟದ ನೀಸ್ ಒಪ್ಪಂದವನ್ನು 2001ರಲ್ಲಿ ತಿರಸ್ಕರಿಸಿದ ಜನರನ್ನು ಮರುವರ್ಷವೇ ಮತ್ತೆ ಕೇಳಿ ಒಪ್ಪಿಸಲಾಯಿತು. ಲಿಸ್ಬನ್ ಒಪ್ಪಂದದಲ್ಲೂ 2008, 2009ರಲ್ಲಿ ಅದೇ ಆಟ. ಕೆಲವು ಭರವಸೆಗಳು ಸೇರಿದ್ದು ನಿಜ, ಆದರೆ 'ಸರಿಯುತ್ತರ' ಬರುವವರೆಗೂ ಕೇಳುತ್ತಾರೆ ಎಂಬ ಕಹಿ ಯುರೋಪಿನಾದ್ಯಂತ ಹರಡಿದ್ದು ಇಂಥವುಗಳಿಂದಲೇ. ವಿಚ್ಛೇದನದ ವಿಷಯವೇ ಬೇರೆ. ಅದಕ್ಕೆ ಅವಕಾಶ ಕೊಡುವ, ಕ್ಯಾಥಲಿಕ್ ಚರ್ಚಿನ ವಿರೋಧವಿದ್ದ ಸಂವಿಧಾನ ತಿದ್ದುಪಡಿಗೆ 1986ರಲ್ಲಿ ಶೇ 63.5ರಷ್ಟು ಜನ ಬೇಡವೆಂದರು. ಒಂಬತ್ತು ವರ್ಷ ಸಮಾಜ ತನ್ನೊಳಗೇ ಮಾತಾಡಿಕೊಂಡಿತು. 1995ರಲ್ಲಿ ಅದು ಗೆದ್ದದ್ದು ಬರೀ 9,114 ಮತಗಳಿಂದ. ಬ್ರಿಟನ್ನಿನದಕ್ಕಿಂತ ಎಷ್ಟೋ ಕಿರಿದಾದ ಗೆಲುವು, ಆದರೂ ದೇಶ ಅದನ್ನು ಅರಗಿಸಿಕೊಂಡಿತು. ಸಂವಿಧಾನದ ಪ್ರತಿ ತಿದ್ದುಪಡಿಯೂ ಜನರ ಮುಂದೆ ಬರಲೇಬೇಕೆಂಬ ನಿಯಮ ಅಲ್ಲಿದೆ. ಬೇಕಾದರೆ ಮುಂದೊಂದು ದಿನ ಮತ್ತೆ ಕೇಳಬಹುದು ಎಂಬುದು ಸೋತವರಿಗೂ ಗೊತ್ತಿತ್ತು.

ಮತ್ತೊಮ್ಮೆ ಕೇಳುವ ಹಕ್ಕು ಜನರಿಗೆ ಖಂಡಿತ ಇದೆ. ಆದರೆ ಯಾವಾಗ, ಯಾವ ಷರತ್ತಿನ ಮೇಲೆ ಎಂಬುದು ಮೊದಲ ಮತ ಬೀಳುವ ಮುನ್ನವೇ, ಯಾರು ಸೋಲುತ್ತಾರೆಂದು ಯಾರಿಗೂ ತಿಳಿಯದಿರುವಾಗಲೇ ಬರೆದಿರಬೇಕು. ಬ್ರಿಟನ್ ಎಡವಿದ್ದು 2019ರಲ್ಲಲ್ಲ, 2015ರಲ್ಲಿ. ಹೀಗೆ ಬರೆಯುವ ವಿದ್ಯೆ ಆ ಸಂಸತ್ತಿಗೆ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. ಐರ್ಲೆಂಡಿನ ಜೊತೆ ಸೇರಬೇಕೇ ಎಂದು ಉತ್ತರ ಐರ್ಲೆಂಡಿನ ಜನರನ್ನು ಒಮ್ಮೆ ಕೇಳಿದರೆ ಮುಂದಿನ ಏಳು ವರ್ಷ ಮತ್ತೆ ಕೇಳುವಂತಿಲ್ಲ ಎಂಬ ಕಲಮು 1998ರ ಕಾಯ್ದೆಯಲ್ಲಿದೆ. ಅದನ್ನು ಅಂಗೀಕರಿಸಿದ್ದು ಇದೇ ವೆಸ್ಟ್‌ಮಿನ್‌ಸ್ಟರ್.