ಪೀಠವೊ, ಕಾಣ್ಕೆಯೊ?

ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲು ಕೃಷ್ಣನೆದುರು ನಿಂತಾಗಲೆಲ್ಲ ನನ್ನಲ್ಲೊಂದು ಪ್ರಶ್ನೆ ಏಳುತ್ತದೆ: ದೇವರ ಮಾತು ಪೀಠದಲ್ಲಿದ್ದವರಿಗೆ ಮಾತ್ರ ಕೇಳಿಸುವುದೆ? ‘ಜಗದೋದ್ಧಾರನ’ ಕೀರ್ತನೆ ಈ ಸನ್ನಿಧಿಯಲ್ಲೇ ಹುಟ್ಟಿತೆಂಬುದು ಪ್ರತೀತಿ. ಹಾಡಿದ ಪುರಂದರದಾಸರು ಪೀಠಾಧಿಪತಿಗಳಲ್ಲ. ಪೀಠದಲ್ಲಿದ್ದವರು ಅವರ ಗುರುಗಳಾದ ವ್ಯಾಸರಾಯರು. ವ್ಯಾಸರಾಯರ ಗುರು ಬ್ರಹ್ಮಣ್ಯತೀರ್ಥರ ವೃಂದಾವನ ಚನ್ನಪಟ್ಟಣದ ಬಳಿಯ ಅಬ್ಬೂರಿನಲ್ಲಿದೆ. ಅಂಥ ವ್ಯಾಸರಾಯರೇ ಶಿಷ್ಯನನ್ನು ಕೊಂಡಾಡಿ ಹಾಡಿದರೆಂದು ದಾಸಪರಂಪರೆ ನೆನೆಯುತ್ತದೆ.

ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಥದವರು ತಮ್ಮ ಅಧ್ಯಕ್ಷರನ್ನೇ ಪ್ರವಾದಿಯೆಂದು ನಂಬುತ್ತಾರೆ. ಅವರು ತೀರಿಕೊಂಡರೆ, ಅಪೊಸ್ತಲರಲ್ಲಿ ಹೆಚ್ಚು ಕಾಲ ಸೇವೆ ಸಲ್ಲಿಸಿದವರು ಆ ಸ್ಥಾನಕ್ಕೆ ಬರುವುದು ರೂಢಿ. 1844ರಲ್ಲಿ ಸ್ಥಾಪಕ ಜೋಸೆಫ್ ಸ್ಮಿತ್ ಕೊಲೆಯಾದಾಗ ಉತ್ತರಾಧಿಕಾರದ ಜಗಳದಿಂದ ಪಂಥವೇ ಒಡೆದಿತ್ತು. ಬಳಿಕ ನೆಲೆಯೂರಿದ ಈ ಕ್ರಮದಿಂದ ಜಗಳವೇನೋ ತಪ್ಪಿತು, ತಪ್ಪು ತಪ್ಪಲಿಲ್ಲ: ಆಫ್ರಿಕ ಮೂಲದ ಪುರುಷರಿಗೆ ಪೌರೋಹಿತ್ಯವನ್ನು ನಿರಾಕರಿಸಿದ ನಿಯಮ 1978ರವರೆಗೂ ಉಳಿಯಿತು.

ಹಾಗೆಂದು ಪೀಠವೇ ಬೇಡವೆನ್ನಲಾರೆ. ಪೀಠವಿಲ್ಲದೆ ಪರಂಪರೆ ನಿಲ್ಲದು. ಆದರೆ ಕೆಳಗೆ ಕುಳಿತವನ ಕಾಣ್ಕೆಗೆ ತಲೆದೂಗಬಲ್ಲ ಪೀಠವೇ ನಂಬಿಕೆಗೆ ಅರ್ಹ. ತಲೆದೂಗದಿದ್ದರೆ? ಶಿಷ್ಯನು ವಿನಯ ಬಿಡದೆ ಪ್ರಶ್ನಿಸಬೇಕು. ಅದೂ ಗುರುಸೇವೆಯೇ.