ಅಕಾಲದ ಹಿಮ

ಸಿದ್ಧನಿರದವನಿಗೆ ಒದಗಿದ ಕೇಡು ಅವನ ತಪ್ಪಿನ ಫಲವೆ? ಲೋಕವು ಒಡನೆಯೇ ಹೌದೆನ್ನುತ್ತದೆ. ವಿವೇಕವು ತುಸು ನಿಂತು ವಿಚಾರಿಸುತ್ತದೆ.

ಕಾಶ್ಮೀರದ ಕಣಿವೆಯಲ್ಲಿ ಕಡುಚಳಿಯ 40 ದಿನಗಳು ಡಿಸೆಂಬರ್ 21ರಿಂದ ಮೊದಲಾಗುವುವೆಂಬುದು ರೂಢಿ. 2018ರಲ್ಲಾದರೋ ನವೆಂಬರ್ ತಿಂಗಳ ಮೊದಲ ವಾರದಲ್ಲಿಯೇ ಹಿಮ ಸುರಿಯಿತು. ಸೇಬಿನ ಮರಗಳು ಇನ್ನೂ ಎಲೆಯುದುರಿಸಿರಲಿಲ್ಲ. ಕೆಲವೆಡೆ ಹಣ್ಣೂ ಕೊಂಬೆಯಲ್ಲಿಯೇ ಇದ್ದಿತು. ಬರಿಗೊಂಬೆಯಿಂದ ಜಾರಬೇಕಾದ ಹಿಮವು ಎಲೆಗಳ ಮೇಲೆ ನಿಂತು ಭಾರವಾಯಿತು. ಅನೇಕ ವರುಷಗಳ ದುಡಿಮೆಯಿಂದ ಬೆಳೆದ ಮರಗಳು ಸೀಳಿಹೋದವು.

ಇಲ್ಲಿ ತೋಟಗಾರನ ತಪ್ಪೇನು? ಹಿರಿಯರಿಂದ ಕಲಿತ ಕಾಲಮಾನವನ್ನು ಅವನು ನಂಬಿದನು. ಅಂತಹ ನಂಬಿಕೆಯನ್ನು ಸೋಮಾರಿತನವೆಂದು ಹಳಿಯುವುದು ನ್ಯಾಯವಲ್ಲ. ಆದರೆ 2019ರ ನವೆಂಬರಿನಲ್ಲಿ ಅಂತಹುದೇ ಹಿಮವು ಮರಳಿ ಬಂದಿತು. ಒಮ್ಮೆ ಕಂಡ ಮೇಲೆ ‘ಅರಿಯೆನು’ ಎಂಬ ಮಾತಿಗೆ ಎಡೆ ಕಿರಿದು. ಅರಿವಿನೊಡನೆ ಹೊಣೆಯೂ ಬರುತ್ತದೆ: ಮಾಗಿದ ಹಣ್ಣನ್ನು ತಡಮಾಡದೆ ಬಿಡಿಸಬೇಕು, ಕೊಂಬೆಗೆ ಊರೆಗೋಲು ಕೊಡಬೇಕು, ಹಿಮ ಬೀಳುತ್ತಿರುವಾಗಲೇ ಅದನ್ನು ಕೊಡಹಬೇಕು.

ಇಷ್ಟಾದರೂ ಎಚ್ಚರಗೊಂಡವನ ಮರವೂ ಮುರಿಯಬಹುದು. ಎಲೆಯುದುರುವ ಕಾಲವು ಅವನ ಕೈಯಲ್ಲಿಲ್ಲ. ಆದುದರಿಂದ ತನ್ನ ವಿಷಯದಲ್ಲಿ ‘ಮಾಡಬೇಕಾದುದನ್ನು ಮಾಡಿದೆನೆ?’ ಎಂದು ಕಟುವಾಗಿ ಕೇಳಿಕೊಳ್ಳುವುದು ಸಾಧನೆ. ಅದೇ ಪ್ರಶ್ನೆಯನ್ನು ನೊಂದ ನೆರೆಯವನಿಗೆ ಕೇಳುವುದು ಕ್ರೌರ್ಯ. ಸೀಳಿದ ಕೊಂಬೆಯನ್ನು ಬಿಗಿದು ಕಟ್ಟಲು ಇಬ್ಬರು ಬೇಕು. ಹಗ್ಗದ ಇನ್ನೊಂದು ತುದಿಯನ್ನು ಹಿಡಿಯುವುದೇ ಆ ಹೊತ್ತಿನ ಧರ್ಮ.