ಹೆಗಲಿಗೆ ಹಗುರ

ಆಸ್ಕರ್ ಬಾರ್ನಾಕ್‌ಗೆ ಉಬ್ಬಸವಿತ್ತು. ಗಾಜಿನ ಪ್ಲೇಟುಗಳ ಭಾರೀ ಕ್ಯಾಮೆರಾ ಹೊತ್ತು ಬೆಟ್ಟಗುಡ್ಡ ಸುತ್ತಲಾಗದೆ, ಸಿನಿಮಾ ಫಿಲ್ಮನ್ನೇ ಬಳಸುವ ಪುಟ್ಟ ಕ್ಯಾಮೆರಾವೊಂದನ್ನು 1914ರ ಸುಮಾರಿಗೆ ಕಟ್ಟಿದರು. 1925ರಲ್ಲಿ ಅದರ ವಂಶದ್ದೇ ಒಂದು ಲೈಕಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅವರ ಕ್ಯಾಮೆರಾಕ್ಕೆ ಅಳತೆ ಕೊಟ್ಟದ್ದು ಅವರ ಉಸಿರು.

*

ನಸುಕಿನಲ್ಲಿ ಹಂಪಿಯ ಮತಂಗ ಬೆಟ್ಟ ಹತ್ತುವಾಗ ಕೈಯೂರಬೇಕಾದ ಕಡೆಗಳಿವೆ. ಜೇಬಿನ ಕ್ಯಾಮೆರಾ ತುದಿಯವರೆಗೂ ಬರುತ್ತದೆ. ದೊಡ್ಡದು ಎಷ್ಟೋ ಸಲ ಕೋಣೆಯಲ್ಲೇ ಉಳಿದುಬಿಡುತ್ತದೆ.

*

ಕ್ಯಾಮೆರಾ ಒಂಟಿಯಾಗಿ ಬರುವುದಿಲ್ಲ. ಇನ್ನೊಂದು ಲೆನ್ಸು, ಚಾರ್ಜರು, ಟ್ರೈಪಾಡು, ಎಲ್ಲವನ್ನೂ ಹಿಡಿಸುವ ಚೀಲ. ತೂಗುವುದಾದರೆ ದಿಬ್ಬಣವನ್ನೇ ತೂಗಿ.

*

ಜಾಹೀರಾತು ಮೆಗಾಪಿಕ್ಸೆಲ್ ಎಣಿಸುತ್ತದೆ; ನೀವು ಸೆನ್ಸರಿನ ಅಳತೆ ಕೇಳಿ. ಅಗ್ಗದ ಪುಟ್ಟ ಕ್ಯಾಮೆರಾಗಳದ್ದು ಸುಮಾರು 6.2 × 4.6 ಮಿ.ಮೀ. ಒಂದಿಂಚಿನದೆಂದು ಮಾರುವುದು 13.2 × 8.8 ಮಿ.ಮೀ., ಅಂದರೆ ಬೆಳಕು ಬೀಳುವ ಜಾಗ ನಾಲ್ಕು ಪಟ್ಟು. 2012ರಲ್ಲಿ ಸೋನಿ ಆರ್‌ಎಕ್ಸ್100 ಇಂಥ ಸೆನ್ಸರನ್ನು 240 ಗ್ರಾಂ ತೂಕದೊಳಗೆ ಕೂರಿಸಿತು. ರಿಕೋ ಜಿಆರ್ 3 ಇನ್ನೂ ದೊಡ್ಡದಾದ ಎಪಿಎಸ್‌-ಸಿ ಸೆನ್ಸರನ್ನು 257 ಗ್ರಾಂನಲ್ಲಿ ಕೊಟ್ಟಿತು. ಅದಕ್ಕಾಗಿ ಜೂಮನ್ನು ಪೂರ್ತಿ ಬಿಟ್ಟುಕೊಟ್ಟಿತು. ಆ ತ್ಯಾಗ ನನಗೆ ಇಷ್ಟ, ಆದರೆ ಎಲ್ಲರಿಗೂ ಒಪ್ಪುವಂಥದ್ದಲ್ಲ.

*

ಎ4 ಹಾಳೆಯ ತುಂಬ, ಇಂಚಿಗೆ 300 ಚುಕ್ಕಿಯಂತೆ ಚೊಕ್ಕಟವಾಗಿ ಮುದ್ರಿಸಲು 9 ಮೆಗಾಪಿಕ್ಸೆಲ್ ಸಾಕು.

*

ಬೇಲೂರು ಒಂದನ್ನು ಕೇಳುತ್ತದೆ, ಬಾದಾಮಿ ಇನ್ನೊಂದನ್ನು. ಬೇಲೂರಿನ ಮದನಿಕೆಯರು ನಿಂತಿರುವುದು ಸೂರಿನಡಿ, ಕತ್ತು ನೋಯುವಷ್ಟು ಎತ್ತರದಲ್ಲಿ. ಕನ್ನಡಿ ಹಿಡಿದ ದರ್ಪಣ ಸುಂದರಿಯ ಬೆರಳು, ಬಳೆ ಕಾಣಬೇಕಾದರೆ 200 ಮಿ.ಮೀ.ವರೆಗಾದರೂ ಚಾಚುವ ಜೂಮ್ ಬೇಕು. ಬಾದಾಮಿಯ ಮೂರನೆಯ ಗುಹೆಯಲ್ಲಿ, ಮಂಗಳೇಶನ 578ರ ಶಾಸನವಿರುವ ಅದೇ ಗುಹೆಯಲ್ಲಿ, ಶೇಷನ ಮೇಲೆ ಕುಳಿತ ವಿಷ್ಣುವಿಗೆ ನೀವು ಹತ್ತಿರವೇ ನಿಂತಿರುತ್ತೀರಿ. ಅಲ್ಲಿ ದೂರದ ತೊಂದರೆಯಿಲ್ಲ, ಬೆಳಕಿನ ಬಡತನವಿದೆ. ಎಫ್/1.8ರ ಲೆನ್ಸು ಎಫ್/5.6ರದ್ದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಬೆಳಕು ಒಳಬಿಡುತ್ತದೆ. ಉದ್ದ ಚಾಚುವುದು, ಕತ್ತಲಲ್ಲಿ ಕಾಣುವುದು, ಜೇಬಿಗೆ ಹಿಡಿಯುವುದು: ಮೂರರಲ್ಲಿ ಎರಡನ್ನು ಪಡೆಯಬಹುದು. ಮೂರೂ ಇವೆ ಎನ್ನುವ ಅಂಗಡಿಯವನನ್ನು ಜೂಮಿನ ಕೊನೆಯಲ್ಲಿ ಎಫ್ ಎಷ್ಟಾಗುತ್ತದೆ ಎಂದು ಕೇಳಿ.

*

ಡಿಜಿಟಲ್ ಜೂಮ್ ಹತ್ತಿರ ಹೋಗುವುದಿಲ್ಲ. ಇದ್ದ ಚಿತ್ರದ ಅಂಚು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ.

*

ಕೈ ನಡುಗುವುದನ್ನು ಸ್ಟೆಬಿಲೈಸೇಶನ್ ತಡೆಯುತ್ತದೆ. ಯಕ್ಷಗಾನದ ವೇಷಧಾರಿ ಗಿರಕಿ ಹೊಡೆಯುವುದನ್ನು ತಡೆಯಲಾರದು. ಅದಕ್ಕೆ ಬೆಳಕನ್ನು ಬೇಗ ಕುಡಿಯುವ ಲೆನ್ಸೇ ಬೇಕು.

*

ಫೋನ್ ಇರುವಾಗ ಕ್ಯಾಮೆರಾ ಏಕೆ? ನ್ಯಾಯವಾದ ಪ್ರಶ್ನೆ. ಊಟದ ತಟ್ಟೆಗೆ, ಗೆಳೆಯರ ಗುಂಪಿಗೆ, ಸಂಜೆಯ ಆಕಾಶಕ್ಕೆ ಫೋನ್ ಧಾರಾಳವಾಗಿ ಸಾಕು. ಆದರೆ ಟಿಕೆಟ್, ನಕ್ಷೆ, ಯುಪಿಐ, ಮನೆಯವರ ಕರೆ ಎಲ್ಲವೂ ಅದೇ ಬ್ಯಾಟರಿಯ ಮೇಲೆ ನಿಂತಿವೆ. ಇನ್ನೊಂದು ಮಾತು: ಚಿತ್ರಕ್ಕೆಂದು ತೆಗೆದ ಫೋನು ಸಂದೇಶ ತೋರಿಸುತ್ತದೆ, ಕಣ್ಣು ಗುಡಿಯಿಂದ ಆಫೀಸಿಗೆ ಹೋಗಿಬಿಡುತ್ತದೆ. ಕ್ಯಾಮೆರಾಕ್ಕೆ ಯಾರೂ ಕರೆ ಮಾಡುವುದಿಲ್ಲ. ಪ್ರವಾಸದಲ್ಲಿ ಇದನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ.

*

ಹಂಪಿಯ ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಬದಿಯ ಪರದೆಯ ಮೇಲೆ ಕಾಣುವುದು ನಿಮ್ಮದೇ ಮುಖ. ಕಣ್ಣಿಗೊತ್ತಿ ನೋಡುವ ವ್ಯೂಫೈಂಡರ್ ಇದ್ದರೆ ಕೆಲವು ಗ್ರಾಂ ಹೆಚ್ಚಾದರೂ ಸರಿ.

*

ಸಂತೆಯಲ್ಲಿ ಉದ್ದ ಲೆನ್ಸಿನ ಕ್ಯಾಮೆರಾ ಎತ್ತಿದರೆ ಸೊಪ್ಪು ಮಾರುವ ಅಜ್ಜಿ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಕೂರುತ್ತಾರೆ. ಅಂಗೈಯಗಲದ್ದಾದರೆ, "ಏನಪ್ಪಾ ಅದು, ತೋರ್ಸು" ಎಂದು ಮಾತಿಗೆ ಬರುತ್ತಾರೆ. ಛಾಯಾಗ್ರಾಹಕ ಕಾರ್ತಿಯೇ-ಬ್ರೆಸಾನ್ ತಮ್ಮ ಪುಟ್ಟ ಲೈಕಾದ ಹೊಳೆಯುವ ಭಾಗಗಳಿಗೂ ಕಪ್ಪು ಟೇಪು ಅಂಟಿಸಿಕೊಂಡಿದ್ದರು. ಕ್ಯಾಮೆರಾ ಚಿಕ್ಕದಾದಷ್ಟೂ ಒಂದು ಹೊಣೆ ಹೆಚ್ಚುತ್ತದೆ: ಕಾಣದಂತೆ ತೆಗೆಯಬಹುದು ಎಂಬುದು ಕೇಳದೆ ತೆಗೆಯಲು ಪರವಾನಗಿಯಲ್ಲ.

*

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಚಿತ್ರಿಸಿದ್ದು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ. ಗಾಜಿಗಿಂತ ಕಾಗದ ಹಗುರ, ಮುಂಚೆಯೇ ಸಿದ್ಧಮಾಡಿ ಒಯ್ಯಬಹುದಿತ್ತು. ಆ ಕಾಲದ ಪ್ರವಾಸಿಗರು ಅದನ್ನು ಮೆಚ್ಚಿದ್ದು ಅದಕ್ಕೇ. 1983ರಲ್ಲಿ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾವ ಕಲ್ಲು ಬಿದ್ದಿದೆ, ಯಾವುದು ಉಳಿದಿದೆ ಎಂದು ತಿಳಿಯುತ್ತದೆ. ಹಗುರಾದ ಸಾಧನದಿಂದ ಹಗುರವಾದ ಕೆಲಸವೇ ಆಗಬೇಕೆಂದಿಲ್ಲ.

*

ಮಲೆನಾಡಿನ ಮಳೆಗೆ ಹೊರಚಾಚುವ ಜೂಮ್ ಲೆನ್ಸು ಹೇಳಿ ಮಾಡಿಸಿದ್ದಲ್ಲ. ಸಂದಿಯಲ್ಲಿ ತೇವ, ದೂಳು ಎರಡೂ ನುಗ್ಗುತ್ತವೆ. ಎ.ಸಿ. ಕಾರಿನಿಂದ ಕರಾವಳಿಯ ಸೆಕೆಗೆ ಇಳಿದೊಡನೆ ಗಾಜು ಮಂಜಾಗುತ್ತದೆ. ಒರೆಸಲು ಹೋಗಬೇಡಿ, ಚೀಲದೊಳಗೇ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಮನೆಗೆ ಬಂದ ಮೇಲೆ ಒದ್ದೆ ಚೀಲದಲ್ಲೇ ಇಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್: ಇಷ್ಟು ಮಾಡಿದರೆ ವರ್ಷಾನುಗಟ್ಟಲೆ ಬಾಳುತ್ತದೆ.

*

ಪುಟ್ಟ ಕ್ಯಾಮೆರಾದ ಬ್ಯಾಟರಿಯೂ ಪುಟ್ಟದು. ಇನ್ನೊಂದು ಜೊತೆಗಿರಲಿ. ವಿಮಾನವಾದರೆ ಅದು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

*

ಕೊಳ್ಳಲು ಹೋಗುವಾಗ ಪ್ರವಾಸಕ್ಕೆ ಹಾಕುವ ಪ್ಯಾಂಟನ್ನೇ ಹಾಕಿಕೊಂಡು ಹೋಗಿ. ಕ್ಯಾಮೆರಾವನ್ನು ಜೇಬಿಗಿಳಿಸಿ ಕೂತು ಎದ್ದು ನೋಡಿ. ಒಂದೇ ಕೈಯಲ್ಲಿ ಹೊರತೆಗೆದು, ಆನ್ ಮಾಡಿ, ಬಾಗಿಲಾಚೆ ಹೋಗುವ ಬಸ್ಸನ್ನು ಹಿಡಿಯಿರಿ. ಬಸ್ಸು ಸಿಕ್ಕಿದರೆ ಬೆಲೆ ಕೇಳಿ.